ಏರ್‌ಪೋರ್ಟ್‌ನಲ್ಲಿ ಕುಡಿಯುವ ನೀರಿಗೆ ದುಡ್ಡು ಕೊಡಬೇಕಾಗಿಲ್ಲ: ಕಾಸರಗೋಡಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕಡೆಯವರಿಗೆ ನೀರನ್ನು ದುಡ್ಡು ಕೊಟ್ಟು ಕುಡಿಯುವ ಅಭ್ಯಾಸ ಅಷ್ಟಾಗಿ ಇಲ್ಲ. ಮನೆಯಂಗಳದಲ್ಲಿ ಬಾವಿ ಇದೆ, ಗುಡ್ಡದ ಬುಡದಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗ ಇದೆ, ಹೋಟೆಲಿಗೆ ಹೋದರೂ ಕೂತ ತಕ್ಷಣ ಜೀರಿಗೆಯೋ ಪದಿಮುಗಂ ಚಕ್ಕೆಯೋ ಹಾಕಿ ಕುದಿಸಿದ ಬೆಚ್ಚಗಿನ ನೀರು ಮೇಜಿಗೆ ಬರುತ್ತದೆ. ಆದರೆ ಮಂಗಳೂರಿನ ಬಜ್ಪೆಯಲ್ಲೋ ಕಣ್ಣೂರಿನ ಮಟ್ಟನ್ನೂರಿನಲ್ಲೋ ವಿಮಾನ ನಿಲ್ದಾಣದ ಒಳಗೆ ಕಾಲಿಟ್ಟ ಮೇಲೆ ಇದೇ ಜನ ಬಾಯಾರಿಕೆ ತಡೆದುಕೊಂಡು ಕೂರುತ್ತಾರೆ. ಅದರಲ್ಲೂ ಗಲ್ಫಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು. ಅಂಗಡಿಯ ಬಾಟಲಿ ದುಬಾರಿ, ನಳ್ಳಿ ಎಲ್ಲಿದೆ ಗೊತ್ತಿಲ್ಲ, ಯಾರನ್ನಾದರೂ ಕೇಳಲು ನಾಚಿಕೆ. ಮನೆ ಬಿಟ್ಟು ಮಗಳ ಮನೆ ಸೇರುವವರೆಗೆ ನಾಲ್ಕು ಗುಟುಕು ಕುಡಿದು ಮುಗಿಸುವವರು ಇದ್ದಾರೆ. ಅದು ಆಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಕುಡಿಯುವ ನೀರು ಪುಕ್ಕಟೆಯಾಗಿಯೇ ಸಿಗುತ್ತದೆ. ನಿಮ್ಮ ಕೈಯಲ್ಲಿ ಒಂದು ಖಾಲಿ ಬಾಟಲಿ ಇರಬೇಕು, ದಾರಿಯಲ್ಲಿ ಸೆಕ್ಯುರಿಟಿ ಚೆಕ್ ಎಲ್ಲೆಲ್ಲಿ ಬರುತ್ತದೆ ಅಂತ ಗೊತ್ತಿರಬೇಕು. ಉಳಿದದ್ದೆಲ್ಲ ಈ ಎರಡರಿಂದಲೇ ಹುಟ್ಟುವ ವಿಷಯ.

ಹಂತ 1: ಬಾಟಲಿ ಆರಿಸುವುದು

ಸೆಕ್ಯುರಿಟಿಯವರ ತಕರಾರು ಇರುವುದು ಒಳಗಿನ ನೀರಿನ ಬಗ್ಗೆ. ಖಾಲಿ ಬಾಟಲಿಯನ್ನು ಯಾವ ದೇಶಕ್ಕೆ ಹೋಗುವಾಗಲೂ ಒಯ್ಯಬಹುದು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳಲ್ಲಿ ದ್ರವರೂಪದ ಸ್ಫೋಟಕ ಒಯ್ಯುವ ಸಂಚು ಬಯಲಾಯಿತು. ಅದರ ನಂತರ ಬಂದದ್ದೇ ಈ 100 ಮಿಲಿಲೀಟರ್ ನಿಯಮ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದೊಳಗೆ ಯಾವ ದ್ರವವೂ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯಲ್ಲಿ ಇರುವಂತಿಲ್ಲ. ಗಮನಿಸಿ, ಲೆಕ್ಕ ಡಬ್ಬಿಯ ಅಳತೆಯದ್ದು. ಒಂದು ಲೀಟರ್ ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದಿದ್ದರೂ ಅದನ್ನು ತೆಗೆದಿಡಿಸಬಹುದು. ಹಾಗಾಗಿ ಖಾಲಿ ಅಂದರೆ ಪೂರ್ತಿ ಖಾಲಿ ಮಾಡಿ.

ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನ ಬಾಟಲಿ ಸಾಕು. ಬಾಯಿ ಅಗಲ ಇರಲಿ. ಎತ್ತರ ಕಡಿಮೆ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಹಳೆಯ ಮಾದರಿಯ ಕಾರಂಜಿ ನಳ್ಳಿಗಳಲ್ಲಿ ನೀರು ಗೇಣೆತ್ತರಕ್ಕೂ ಚಿಮ್ಮುವುದಿಲ್ಲ, ಬಗ್ಗಿ ಬಾಯಿಟ್ಟು ಕುಡಿಯಲೆಂದೇ ಮಾಡಿದ್ದು ಅದು. ಉದ್ದದ ಬಾಟಲಿಯನ್ನು ಎಷ್ಟು ಓರೆ ಮಾಡಿದರೂ ಅದರ ಅಡಿಗೆ ಹೋಗುವುದಿಲ್ಲ, ಹೋದರೂ ಅರ್ಧಕ್ಕಿಂತ ಜಾಸ್ತಿ ತುಂಬುವುದಿಲ್ಲ. ಇದಕ್ಕೆ ಒಂದು ಸುಲಭದ ಉಪಾಯ ಇದೆ: ಬ್ಯಾಗಿನಲ್ಲಿ ಒಂದು ಸಣ್ಣ ಸ್ಟೀಲ್ ಲೋಟ ಇಟ್ಟುಕೊಳ್ಳಿ. ಚಿಮ್ಮುವ ನೀರನ್ನು ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿಯುತ್ತಾ ಹೋಗಿ. ಬಾಯಿಟ್ಟು ಕುಡಿಯಲು ಮನಸ್ಸಾಗದ ಹಿರಿಯರಿಗೂ ಲೋಟ ಇದ್ದರೆ ಸಂಕೋಚ ಇರುವುದಿಲ್ಲ, ಎತ್ತಿ ಕುಡಿಯಬಹುದು.

ಬಿಸಿನೀರು ಬೇಕು ಅನ್ನುವವರು ಸ್ಟೀಲ್ ಫ್ಲಾಸ್ಕ್ ಒಯ್ಯಿರಿ. ಅದೂ ಖಾಲಿಯಾಗಿ. ಎಕ್ಸ್‌ರೇ ಯಂತ್ರಕ್ಕೆ ಹಾಕುವ ಮೊದಲು ಮುಚ್ಚಳ ಸಡಿಲ ಮಾಡಿ ಇಟ್ಟರೆ, ತೆರೆದು ತೋರಿಸಿ ಅಂದಾಗ ಕೆಲಸ ಬೇಗ ಮುಗಿಯುತ್ತದೆ.

ಹಂತ 2: ಮನೆಯಿಂದ ಸೆಕ್ಯುರಿಟಿವರೆಗೆ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯವರು ಹೆಚ್ಚಾಗಿ ಮಂಗಳೂರಿಗೆ ಹೋಗುತ್ತಾರೆ, ಕಾಞಂಗಾಡಿನ ಕಡೆಯವರಿಗೆ ಕಣ್ಣೂರೂ ಆಗುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಮನೆಯ ಕುದಿಸಿದ ನೀರನ್ನೇ ಬಾಟಲಿಗೆ ತುಂಬಿಕೊಂಡು ಹೊರಡಿ. ಹೈವೇಯಲ್ಲಿ ಎಷ್ಟು ಹೊತ್ತು ಸಿಕ್ಕಿಹಾಕಿಕೊಳ್ಳುತ್ತೀರೋ ಹೇಳಲಾಗದು. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ಬನ್ನಿ ಅನ್ನುತ್ತಾರೆ, ಚೆಕ್‌ಇನ್ ಸಾಲು, ಇಮಿಗ್ರೇಶನ್ ಸಾಲು ಎಲ್ಲ ದಾಟುವವರೆಗೆ ಕುಡಿಯಲು ಆ ನೀರೇ ಬೇಕಾಗುತ್ತದೆ. ಸೆಕ್ಯುರಿಟಿ ಸಾಲು ಕಣ್ಣಿಗೆ ಬಿದ್ದಾಗ ಉಳಿದದ್ದನ್ನು ಕುಡಿದುಬಿಡಿ, ಇಲ್ಲವೇ ಹತ್ತಿರದ ಟಾಯ್ಲೆಟ್ಟಿನ ಬೇಸಿನ್ನಿಗೆ ಸುರಿಯಿರಿ. ಬಾಟಲಿಯನ್ನೇ ಕಸದ ಬುಟ್ಟಿಗೆ ಹಾಕಬೇಡಿ. ಬಹಳ ಜನ ಗಡಿಬಿಡಿಯಲ್ಲಿ ಅದನ್ನೇ ಮಾಡುತ್ತಾರೆ.

ದೇಶದೊಳಗಿನ ಪ್ರಯಾಣ ಆದರೆ ಇಷ್ಟು ಕಷ್ಟ ಇಲ್ಲ. ಮಂಗಳೂರಿನಿಂದ ಬೆಂಗಳೂರಿಗೋ ಮುಂಬಯಿಗೋ ಹೋಗುವಾಗ ನೀರು ತುಂಬಿದ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ. ಒಂದು ಗುಟುಕು ಕುಡಿದು ತೋರಿಸಿ ಅಂತ ಕೇಳಿದರೆ ಕುಡಿದು ತೋರಿಸಿ, ಅಷ್ಟೇ. ಆದರೆ ಮುಂಬಯಿಯಲ್ಲಿ ಇಳಿದು ವಿದೇಶಕ್ಕೆ ಇನ್ನೊಂದು ವಿಮಾನ ಹಿಡಿಯುವವರು ನೆನಪಿಡಿ, ಅಲ್ಲಿ ಮತ್ತೆ ಚೆಕ್ ಇದೆ, ಅಲ್ಲಿಗೆ 100 ಮಿಲಿಲೀಟರ್ ನಿಯಮವೇ. ಮಂಗಳೂರಿನಲ್ಲಿ ಬಿಟ್ಟರಲ್ವಾ ಅಂತ ವಾದ ಮಾಡಿದರೆ ಸಮಯ ಹಾಳು.

ಹಸುಗೂಸು ಇದ್ದರೆ ನಿಯಮ ಸಡಿಲ. ಮಗುವಿನ ಹಾಲು, ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಆಹಾರ, ವೈದ್ಯರ ಚೀಟಿ ಇರುವ ದ್ರವ ಔಷಧಿ ಇವಕ್ಕೆ 100 ಮಿಲಿಲೀಟರ್ ಮಿತಿ ಇಲ್ಲ. ಅವನ್ನು ಬೇರೆ ಚೀಲದಲ್ಲಿಟ್ಟು, ಅವರು ಕೇಳುವ ಮೊದಲೇ ಹೊರಗೆ ತೆಗೆದು ತೋರಿಸಿ.

ಹಂತ 3: ಒಳಗೆ ಹೋದ ಮೇಲೆ ನೀರು ಹುಡುಕುವುದು

ಮೊದಲು ಟಾಯ್ಲೆಟ್ಟಿನ ಬೋರ್ಡ್ ನೋಡಿ. ನೀರಿನ ಪೈಪು ಬರುವುದು ಅಲ್ಲಿಗೇ ಆದ್ದರಿಂದ ಕುಡಿಯುವ ನೀರಿನ ಜಾಗವನ್ನೂ ಹೆಚ್ಚಿನ ಕಡೆ ಅದರ ಪಕ್ಕದ ಗೋಡೆಯಲ್ಲೇ ಮಾಡಿರುತ್ತಾರೆ. ಗಂಡಸರ ಮತ್ತು ಹೆಂಗಸರ ಬಾಗಿಲುಗಳ ನಡುವೆ, ಅಥವಾ ಸ್ವಲ್ಪ ಒಳಕ್ಕೆ ಸರಿದ ಮೂಲೆಯಲ್ಲಿ. ನಳ್ಳಿಯ ಕೆಳಗೆ ಲೋಟ ಇರುವ ಚಿತ್ರ ಕಂಡರೆ ಅದೇ ಗುರುತು. ನಂತರ ಹುಡುಕಬೇಕಾದ್ದು ಮಕ್ಕಳ ಆಟದ ಜಾಗ, ಪ್ರಾರ್ಥನಾ ಕೋಣೆ, ಗೇಟುಗಳ ಸಾಲಿನ ಕೊನೆ. ಅಂಗಡಿಗಳು ಒತ್ತೊತ್ತಾಗಿ ಇರುವ ನಡುಭಾಗದಲ್ಲಿ ಹುಡುಕುತ್ತಾ ಅಲೆಯಬೇಡಿ, ಅಲ್ಲಿ ಕಾಣುವುದು ಮಾರಾಟದ ಬಾಟಲಿಗಳೇ.

ನಮ್ಮ ದೇಶದ ನಿಲ್ದಾಣಗಳಲ್ಲಿ ಬಿಸಿ, ತಣ್ಣಗೆ, ಸಾದಾ ಅಂತ ಬೇರೆಬೇರೆ ನಳ್ಳಿ ಇರುವ ಯಂತ್ರಗಳು ಸಿಗುತ್ತವೆ. ಬಿಸಿ ನಳ್ಳಿಗೆ ಒಂದು ಗುಂಡಿ ಒತ್ತಿ ಹಿಡಿಯಬೇಕಾಗಬಹುದು, ಮಕ್ಕಳ ಕೈ ಸುಡದಿರಲಿ ಅಂತ. ಆದರೆ ಟಾಯ್ಲೆಟ್ಟಿನ ಕೈತೊಳೆಯುವ ನಳ್ಳಿಯ ನೀರನ್ನು ನಮ್ಮ ದೇಶದಲ್ಲಿ ಕುಡಿಯಬೇಡಿ, ಎಷ್ಟೇ ಹೊಳೆಯುವ ಟರ್ಮಿನಲ್ ಆಗಿರಲಿ.

ಸಿಗದಿದ್ದರೆ ಕೇಳಿ. ಇಲ್ಲಿ ಕಾಸರಗೋಡಿನವರಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನು ನಾವು ಬಳಸಿಕೊಳ್ಳುವುದೇ ಕಡಿಮೆ. ಗಲ್ಫಿನ ನಿಲ್ದಾಣಗಳಲ್ಲಿ ಸ್ವಚ್ಛತೆಯ ಕೆಲಸದಲ್ಲಿ, ಅಂಗಡಿಗಳಲ್ಲಿ, ಗಾಲಿಕುರ್ಚಿ ತಳ್ಳುವವರಲ್ಲಿ ಮಲಯಾಳಿಗಳು ಬೇಕಾದಷ್ಟು ಸಿಗುತ್ತಾರೆ. ನಮ್ಮವರಿಗೆ ಮನೆಯಲ್ಲಿ ಕನ್ನಡವೋ ತುಳುವೋ ಆದರೂ ಪೇಟೆಯಲ್ಲಿ ಮಲಯಾಳ ಬಂದೇ ಬರುತ್ತದೆ. ಇಂಗ್ಲಿಷ್ ಬಾರದ ಅಮ್ಮನಿಗೆ ಹೊರಡುವ ಮೊದಲು ಇಷ್ಟು ಹೇಳಿಕೊಡಿ: ಯೂನಿಫಾರ್ಮ್ ಹಾಕಿದ, ನಮ್ಮೂರಿನ ಹಾಗೆ ಕಾಣುವ ಯಾರನ್ನಾದರೂ ನಿಲ್ಲಿಸಿ, "ಮೋನೇ, ಕುಡಿಕ್ಕಾನ್ ವೆಳ್ಳಂ ಎವಿಡೆ ಕಿಟ್ಟುಂ?" ಅಂತ ಕೇಳಬೇಕು. ಕೇಳಿದವರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುವ ಹುಡುಗರಿದ್ದಾರೆ. ಇದರಲ್ಲಿ ಸಣ್ಣತನ ಏನೂ ಇಲ್ಲ.

ಹಂತ 4: ನಡುವೆ ವಿಮಾನ ಬದಲಿಸುವವರು ತುಂಬಾ ಗಮನಿಸಬೇಕಾದ್ದು

ನೀರು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಕಣ್ಣೂರಿನಿಂದ ಹೊರಟು ದೋಹಾದಲ್ಲೋ ಅಬುಧಾಬಿಯಲ್ಲೋ ಇಳಿದು ಮುಂದೆ ಹೋಗುವವರು ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿಯನ್ನು ಜೋಪಾನವಾಗಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ಇಳಿದ ಕೂಡಲೇ ಮುಂದಿನ ವಿಮಾನದ ದಾರಿಯಲ್ಲಿ ಇನ್ನೊಂದು ಸೆಕ್ಯುರಿಟಿ ಚೆಕ್ ಎದುರಾಗುತ್ತದೆ, ಬಾಟಲಿ ಬುಟ್ಟಿಗೆ ಹೋಗುತ್ತದೆ. ಆದ್ದರಿಂದ ವಿಮಾನ ಇಳಿಯುವ ಮೊದಲೇ ಇದ್ದ ನೀರು ಕುಡಿದು ಮುಗಿಸಿ, ಚೆಕ್ ದಾಟಿದ ಮೇಲೆ ಹೊಸದಾಗಿ ತುಂಬಿಸಿಕೊಳ್ಳಿ. ದುಬೈ ಮತ್ತು ದೋಹಾದಲ್ಲಿ ಟಾಯ್ಲೆಟ್ಟುಗಳ ಹತ್ತಿರ ಕುಡಿಯುವ ನೀರಿನ ನಳ್ಳಿಗಳಿವೆ.

ಅಬುಧಾಬಿಯ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಒಂದು ಹೆಚ್ಚಿನ ಗಂಟು ಇದೆ. ಅಮೆರಿಕದ ಇಮಿಗ್ರೇಶನ್ ಮತ್ತು ಕಸ್ಟಮ್ಸ್ ಕೆಲಸ 2014ರಿಂದ ಅಬುಧಾಬಿಯಲ್ಲಿಯೇ ನಡೆಯುತ್ತದೆ, ಅದರ ಜೊತೆಗೆ ಇನ್ನೊಂದು ಸುತ್ತಿನ ತಪಾಸಣೆಯೂ ಇದೆ. ಟರ್ಮಿನಲ್‌ನಲ್ಲಿ ತುಂಬಿಸಿದ ನೀರು ಅಲ್ಲಿಗೆ ಮುಗಿದಿರಬೇಕು. ಹದಿನಾಲ್ಕು ಗಂಟೆಯ ಆಸುಪಾಸಿನ ಹಾರಾಟ ಕಾದಿರುವಾಗ ಆ ಚೆಕ್ ದಾಟಿದ ಮೇಲೆ ನೀರು ತುಂಬಿಸುವುದನ್ನು ಮರೆಯಬೇಡಿ.

ಸಿಂಗಾಪುರದ ಚಾಂಗಿಯ ವ್ಯವಸ್ಥೆ ಇನ್ನೊಂದು ರೀತಿ. ನಾಲ್ಕನೆಯ ಟರ್ಮಿನಲ್ ಬಿಟ್ಟರೆ ಅಲ್ಲಿ ಸೆಕ್ಯುರಿಟಿ ಚೆಕ್ ಇರುವುದು ಗೇಟಿನ ಬಾಗಿಲಲ್ಲೇ. ಒಳಗೆ ಗಂಟೆಗಟ್ಟಲೆ ತಿರುಗಾಡುತ್ತಾ ತುಂಬಿಸಿದ ಬಾಟಲಿಯನ್ನು ವಿಮಾನ ಹತ್ತುವ ಹೊತ್ತಿಗೆ ಖಾಲಿ ಮಾಡಬೇಕಾಗುತ್ತದೆ. ಹಾಗಾಗಿ ಅಲ್ಲಿ ಗೇಟಿಗೆ ಹೋಗುವ ಮೊದಲು ಹೊಟ್ಟೆ ತುಂಬಾ ಕುಡಿಯಿರಿ, ಖಾಲಿ ಬಾಟಲಿ ಹಿಡಿದು ಒಳಗೆ ಹೋಗಿ, ವಿಮಾನದಲ್ಲಿ ಕೇಳಿ ತುಂಬಿಸಿಕೊಳ್ಳಿ.

ಈಗೀಗ ಹೊಸ ಸ್ಕ್ಯಾನರ್ ಬಂದ ಕಡೆ ನಿಯಮ ಬದಲಾಗುತ್ತಿದೆ. ಬ್ರಿಟನ್ನಿನ ಎಡಿನ್‌ಬರೊ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ 2025ರಿಂದ ಎರಡು ಲೀಟರ್‌ವರೆಗಿನ ಬಾಟಲಿಯನ್ನೂ ಬಿಡುತ್ತಾರೆ. ಆದರೆ ಅಲ್ಲಿಂದ ಹೊರಟು ದುಬೈಯಲ್ಲಿ ವಿಮಾನ ಬದಲಿಸಿದರೆ ದುಬೈಯ ನಿಯಮವೇ ನಡೆಯುವುದು. ಯಾವ ನಿಲ್ದಾಣದಲ್ಲಿ ನಿಂತಿದ್ದೀರೋ ಅಲ್ಲಿಯದ್ದೇ ಲೆಕ್ಕ.

ಹಂತ 5: ದೇಶಕ್ಕೊಂದು ರೂಢಿ

ಗಲ್ಫಿನಲ್ಲಿ ನಳ್ಳಿ ನೀರು ಹೆಚ್ಚಾಗಿ ಸಮುದ್ರದ ನೀರನ್ನು ಶುದ್ಧ ಮಾಡಿದ್ದು. ಆದರೂ ಕುಡಿಯಲು ಅಂತ ಬೋರ್ಡ್ ಇರುವ ನಳ್ಳಿಯನ್ನೇ ಬಳಸಿ, ಟಾಯ್ಲೆಟ್ಟಿನ ಬೇಸಿನ್ ಬೇಡ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಹಾಗಲ್ಲ. ಜರ್ಮನಿ, ನೆದರ್‌ಲ್ಯಾಂಡ್ಸ್, ಬ್ರಿಟನ್ ಇಲ್ಲೆಲ್ಲ ಊರಿನ ನಳ್ಳಿ ನೀರು ಕುಡಿಯಲು ಯೋಗ್ಯ. ಕುಡಿಯಬೇಡಿ ಅಂತ ಬೋರ್ಡ್ ಇಲ್ಲದಿದ್ದರೆ ಟಾಯ್ಲೆಟ್ಟಿನ ತಣ್ಣೀರು ನಳ್ಳಿಯಿಂದಲೂ ತುಂಬಿಸಿಕೊಳ್ಳಬಹುದು. ಬಿಸಿನೀರಿನ ನಳ್ಳಿಯಿಂದ ಮಾತ್ರ ಬೇಡ, ಆ ನೀರು ಟ್ಯಾಂಕಿನಲ್ಲಿ ಎಷ್ಟು ಹೊತ್ತು ನಿಂತದ್ದೋ ಏನೋ. ಜರ್ಮನಿಯಲ್ಲಿ "ಟ್ರಿಂಕ್‌ವಾಸರ್" ಅಂತ ಇದ್ದರೆ ಕುಡಿಯಿರಿ, ಆ ಪದದ ಮೊದಲಿಗೆ "ಕೈನ್" ಅಂತ ಸೇರಿದ್ದರೆ ಮುಟ್ಟಬೇಡಿ. ನಮ್ಮವರಿಗೆ ಟಾಯ್ಲೆಟ್ಟಿನೊಳಗಿಂದ ಕುಡಿಯುವ ನೀರು ಹಿಡಿಯಲು ಮನಸ್ಸು ಒಪ್ಪುವುದು ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಅಂಥವರು ಆಮ್‌ಸ್ಟರ್‌ಡ್ಯಾಮ್, ಲಂಡನ್ನಿನ ಹೀಥ್ರೂ ಮುಂತಾದ ಕಡೆ ಹೊರಗೇ ಇರುವ ಬಾಟಲಿ ತುಂಬಿಸುವ ನಳ್ಳಿಗಳನ್ನು ಹುಡುಕಿಕೊಳ್ಳಿ.

ಅಮೆರಿಕದಲ್ಲಿ ಗೋಡೆಯಲ್ಲೇ ಬಾಟಲಿ ತುಂಬಿಸುವ ಯಂತ್ರ ಕೂರಿಸಿರುತ್ತಾರೆ. ಗುಂಡಿ ಹುಡುಕಬೇಡಿ. ಬಾಟಲಿಯನ್ನು ಒಳಗೆ ಹಿಡಿದು ನಿಂತರೆ ನೀರು ತಾನಾಗಿ ಬೀಳುತ್ತದೆ, ತೆಗೆದರೆ ನಿಲ್ಲುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಂತೂ 2019ರ ಆಗಸ್ಟ್‌ನಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರುವುದನ್ನೇ ನಿಲ್ಲಿಸಿದ್ದಾರೆ. ಕಾಫಿ ಅಂಗಡಿಯಲ್ಲಿ ಬರೀ ಒಂದು ಕಪ್ ನೀರು ಕೇಳಿದರೂ ಅಲ್ಲಿ ಸಾಮಾನ್ಯವಾಗಿ ಸುಮ್ನೆ ಕೊಡುತ್ತಾರೆ. ಅವರು ಐಸ್ ತುಂಬಿಯೇ ಕೊಡುವುದು, ಬೇಡ ಅಂದರೆ ಮೊದಲೇ ಹೇಳಿ.

ಬಿಸಿನೀರಿನವರಿಗೆ ತುಂಬಾ ಒಗ್ಗುವುದು ಚೀನಾದ ನಿಲ್ದಾಣಗಳು. ಅಲ್ಲಿಯವರೂ ಬಿಸಿನೀರನ್ನೇ ಕುಡಿಯುವ ಜನ, ಗೇಟುಗಳ ಹತ್ತಿರವೇ ಕುದಿನೀರಿನ ಯಂತ್ರ ಇಟ್ಟಿರುತ್ತಾರೆ. ಫ್ಲಾಸ್ಕ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಉಳಿದ ಕಡೆ ಬಿಸಿನೀರು ಬೇಕಾದರೆ ಚಹಾ ಮಾರುವ ಅಂಗಡಿಯಲ್ಲಿ ಫ್ಲಾಸ್ಕ್ ಮುಂದಿಟ್ಟು ಕೇಳಿ. ಕೆಲವರು ಕೊಡುತ್ತಾರೆ, ಕೆಲವರು ಕಪ್ಪಿನ ದುಡ್ಡು ಕೇಳುತ್ತಾರೆ.

ಹಂತ 6: ವಿಮಾನದೊಳಗೆ

ಹಾರುವ ವಿಮಾನದ ಒಳಗಿನ ಗಾಳಿ ತುಂಬಾ ಒಣಗಿರುತ್ತದೆ. ತೇವಾಂಶ ಸಾಮಾನ್ಯವಾಗಿ ಶೇಕಡ 20ಕ್ಕಿಂತ ಕಡಿಮೆ. ಕರಾವಳಿಯ ತೇವದ ಗಾಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಗಂಟಲು, ಮೂಗು, ತುಟಿ ಬೇಗ ಒಣಗುವುದು ಇದರಿಂದಲೇ. ಕಡಿಮೆ ದರದ ವಿಮಾನದಲ್ಲಿ ಊಟಕ್ಕೆ ದುಡ್ಡು ಕೊಡಬೇಕು ನಿಜ, ಆದರೆ ನಮ್ಮ ದೇಶದ ಕಂಪೆನಿಗಳಲ್ಲಿ ಕುಡಿಯುವ ನೀರು ಕೇಳಿದರೆ ಒಂದು ಲೋಟ ಪುಕ್ಕಟೆ ಕೊಡುತ್ತಾರೆ. ತಳ್ಳುಗಾಡಿ ಬರುವವರೆಗೆ ಕಾಯಬೇಕಾಗಿಲ್ಲ. ಕರೆಗುಂಡಿ ಒತ್ತಿ, ಇಲ್ಲವೇ ಎದ್ದು ಹಿಂದಿನ ಅಡುಗೆ ಜಾಗಕ್ಕೆ ಖಾಲಿ ಬಾಟಲಿ ಹಿಡಿದುಕೊಂಡು ಹೋಗಿ ಕೇಳಿ. ಉದ್ದದ ಹಾರಾಟದಲ್ಲಿ ಇದು ತುಂಬಾ ಒಳ್ಳೆಯ ದಾರಿ, ಕಾಲೂ ಆಡಿದ ಹಾಗಾಗುತ್ತದೆ.

ವಿಮಾನದ ಟಾಯ್ಲೆಟ್ಟಿನ ನಳ್ಳಿ ನೀರು ಮಾತ್ರ ಕುಡಿಯಲೇಬೇಡಿ. ಅದು ವಿಮಾನದ ಟ್ಯಾಂಕಿನ ನೀರು. ಅಮೆರಿಕದಲ್ಲಿ ಆ ಟ್ಯಾಂಕಿನ ನೀರಿನ ಪರೀಕ್ಷೆಗೆಂದೇ 2009ರಲ್ಲಿ ಬೇರೆ ನಿಯಮ ಮಾಡಬೇಕಾಯಿತು. ಮಾತ್ರೆ ನುಂಗಲು ಕೂಡ ಆ ನೀರು ಬೇಡ, ಬಾಟಲಿಯಿಂದ ಹಾಕಿ ಕೊಡಿ ಅಂತ ಕೇಳಿ.

ಇನ್ನೊಂದು ಸಣ್ಣ ವಿಷಯ. ವಿಮಾನ ಮೇಲೇರಿದ ಹಾಗೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ, 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಬರುತ್ತದೆ. ನೆಲದ ಮೇಲೆ ಬಿಗಿಯಾಗಿ ಮುಚ್ಚಿದ ಬಾಟಲಿಯ ಒಳಗಿನ ಗಾಳಿ ಆಗ ಹೊರಗೆ ನುಗ್ಗಲು ನೋಡುತ್ತದೆ. ಸ್ಟ್ರಾ ಇರುವ ಬಾಟಲಿ ಆದರೆ ಮೂತಿ ತೆರೆದ ಕೂಡಲೇ ನೀರು ಮುಖಕ್ಕೇ ಚಿಮ್ಮುತ್ತದೆ, ಮಕ್ಕಳ ಬಾಟಲಿಗಳಲ್ಲಿ ಇದು ಜಾಸ್ತಿ. ಮೊದಲು ದೊಡ್ಡ ಮುಚ್ಚಳವನ್ನು ನಿಧಾನಕ್ಕೆ ಸಡಿಲ ಮಾಡಿ ಗಾಳಿ ಬಿಡಿ, ಆಮೇಲೆ ಸ್ಟ್ರಾ.

ಹಿರಿಯರ ಬಗ್ಗೆ ಒಂದು ಮಾತು

ನಮ್ಮ ಅಮ್ಮಂದಿರು ನೀರು ಕುಡಿಯದೆ ಕೂರುವುದಕ್ಕೆ ದುಡ್ಡು ಒಂದೇ ಕಾರಣ ಆಗಿರುವುದಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು, ಪಕ್ಕದವರನ್ನು ಎಬ್ಬಿಸಬೇಕು, ಆ ಬಾಗಿಲು ತೆರೆಯುವುದು ಹೇಗೆ ಗೊತ್ತಿಲ್ಲ ಅನ್ನುವ ಹೆದರಿಕೆ ಇರುತ್ತದೆ. ಇದಕ್ಕೆ ನೀರಿನ ಬಾಟಲಿ ಕೊಟ್ಟರೆ ಸಾಲದು. ಟಿಕೆಟ್ ಮಾಡುವಾಗ ಓಡಾಡುವ ದಾರಿಯ ಪಕ್ಕದ ಸೀಟು ಹಾಕಿಸಿ. ವಿಮಾನದ ಟಾಯ್ಲೆಟ್ಟಿನ ಬಾಗಿಲನ್ನು ನಡುವೆ ಒತ್ತಿದರೆ ಮಡಚಿಕೊಳ್ಳುವ ಮಾದರಿಯೂ ಇದೆ ಅಂತ ಹೇಳಿಕೊಡಿ, ಸಾಧ್ಯವಾದರೆ ಫೋನಿನಲ್ಲಿ ವಿಡಿಯೋ ತೋರಿಸಿ. ಒಮ್ಮೆಗೇ ಗಟಗಟ ಕುಡಿಯುವ ಬದಲು ಆಗಾಗ ಎರಡೆರಡು ಗುಟುಕು ಕುಡಿಯಲಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ವೈದ್ಯರು ದಿನಕ್ಕೆ ಇಷ್ಟೇ ನೀರು ಅಂತ ಹೇಳಿದ್ದರೆ ಆ ಅಳತೆಯನ್ನೇ ಪ್ರಯಾಣದಲ್ಲೂ ಪಾಲಿಸಬೇಕು. ಮೂತ್ರ ಹೆಚ್ಚಾಗುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ದಿನ ಅದನ್ನು ಯಾವಾಗ ನುಂಗಬೇಕು ಅಂತ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಗಾಲಿಕುರ್ಚಿ ಹಾಕಿಸಿದ್ದರೆ, ಅದನ್ನು ತಳ್ಳುವವರು ಗೇಟಿನ ಹತ್ತಿರ ಬಿಟ್ಟು ಹೋಗುವ ಮೊದಲೇ ನೀರು ತುಂಬಿಸಿಕೊಡಿ ಅಂತ ಕೇಳಬೇಕು. ಅವರು ಹೋದ ಮೇಲೆ ಮತ್ತೆ ಎದ್ದು ಹುಡುಕುವುದು ಕಷ್ಟ.

ವಿಮಾನ ತಡವಾದರೆ

ಇಲ್ಲಿ ನಿಮಗೆ ಹಕ್ಕು ಇದೆ, ಬೇಡಿಕೊಳ್ಳಬೇಕಾಗಿಲ್ಲ. ಸಮಯಕ್ಕೆ ಸರಿಯಾಗಿ ಚೆಕ್‌ಇನ್ ಮಾಡಿದವರಿಗೆ, ವಿಮಾನ ತಡವಾದರೆ ಕಂಪೆನಿಯವರು ಊಟ ಅಥವಾ ತಿಂಡಿ ಪಾನೀಯ ಕೊಡಬೇಕು ಅನ್ನುವುದು ನಮ್ಮ ದೇಶದ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ ಮಾಡಿರುವ ನಿಯಮ. ಎರಡೂವರೆ ಗಂಟೆವರೆಗಿನ ಹಾರಾಟಕ್ಕೆ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಮೂರು ಗಂಟೆ, ಉಳಿದವಕ್ಕೆ ನಾಲ್ಕು ಗಂಟೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಎರಡು ಗಂಟೆಯ ಲೆಕ್ಕ ಬರುತ್ತದೆ. ದುಬೈಗೆ ಸುಮಾರು ಮೂರೂವರೆ ಗಂಟೆಯ ಹಾರಾಟ, ಅದಕ್ಕೆ ಮೂರು ಗಂಟೆಯ ಲೆಕ್ಕ. ಗೇಟಿನ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ತೋರಿಸಿ ಕೇಳಿ. ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿದರೆ ಬೇಗ ಬರುತ್ತದೆ. ಅಮೆರಿಕದಲ್ಲಿ, ಹತ್ತಿದ ಮೇಲೆ ವಿಮಾನ ನೆಲದಲ್ಲೇ ನಿಂತರೆ ಎರಡು ಗಂಟೆಯೊಳಗೆ ನೀರು ಮತ್ತು ತಿನ್ನಲು ಏನಾದರೂ ಕೊಡಲೇಬೇಕು ಅಂತ ನಿಯಮ ಇದೆ.

ಯಾವ ದಾರಿಯೂ ಸಿಗದೆ ಕೊಂಡುಕೊಳ್ಳಲೇಬೇಕಾದರೆ, ನಮ್ಮ ದೇಶದ ಕೆಲವು ನಿಲ್ದಾಣಗಳಲ್ಲಿ ಉಡಾನ್ ಯಾತ್ರಿ ಕೆಫೆ ಇದೆಯಾ ನೋಡಿ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಮೊದಲು ಶುರುವಾದದ್ದು, ಮರುವರ್ಷ ಚೆನ್ನೈಗೂ ಬಂತು. ಅಲ್ಲಿ ನೀರಿನ ಬಾಟಲಿಗೆ 10 ರೂಪಾಯಿ ಇಟ್ಟು ಶುರು ಮಾಡಿದರು. ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳುವುದಾದರೆ ಬಾಟಲಿಯ ಮೇಲೆ ಅಚ್ಚಾದ ಎಂಆರ್‌ಪಿ ನೋಡಿ, ಬಿಲ್ ಕೇಳಿ. ಅಂಗಡಿಯವರು ಅಚ್ಚಾದ ಬೆಲೆಗಿಂತ ಜಾಸ್ತಿ ತೆಗೆದುಕೊಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಳ್ಳಿ ಕೆಟ್ಟಿದ್ದರೆ

ನಳ್ಳಿ ಇದೆ, ನೀರು ಬರುವುದಿಲ್ಲ. ಯಂತ್ರ ಇದೆ, ಲೋಟ ಇಲ್ಲ. ಇಂಥದ್ದು ಕಂಡರೆ ಗೊಣಗಿಕೊಂಡು ಮುಂದೆ ಹೋಗಬೇಡಿ. ಪಕ್ಕದಲ್ಲಿ ಸ್ವಚ್ಛ ಮಾಡುವ ಅಕ್ಕನ ಮೇಲೆ ರೇಗುವುದೂ ಬೇಡ, ಅದು ಅವರ ಕೈಯಲ್ಲಿಲ್ಲ. ಒಂದು ಫೋಟೋ ತೆಗೆಯಿರಿ, ಹತ್ತಿರದ ಗೇಟ್ ನಂಬರ್ ಬರೆದುಕೊಳ್ಳಿ. ನಿಲ್ದಾಣದ ವಿಚಾರಣೆ ಕೌಂಟರಿಗೆ ಹೇಳಿ, ಆಮೇಲೆ ಕೇಂದ್ರ ಸರಕಾರದ ಏರ್‌ಸೇವಾ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ದೂರು ಹಾಕಿ. ವಿಮಾನ ಪ್ರಯಾಣಿಕರ ದೂರುಗಳಿಗೆಂದೇ 2016ರಲ್ಲಿ ಶುರು ಮಾಡಿದ ವ್ಯವಸ್ಥೆ ಅದು. ನಿಲ್ದಾಣದ ಹೆಸರು, ಟರ್ಮಿನಲ್, ಗೇಟ್ ನಂಬರ್, ದಿನಾಂಕ, ಸಮಯ ಇಷ್ಟಿದ್ದರೆ ಸಾಕು. ವಿಮಾನ ಹತ್ತಲು ಕರೆಯುವವರೆಗೆ ಹೇಗೂ ಕೂತೇ ಇರುತ್ತೀರಿ, ಆ ಹೊತ್ತಿನಲ್ಲೇ ಬರೆದು ಕಳಿಸಿ.